ಕೆಂಪು ಕಾರಿನ ಹೊದಿಕೆ

"ಮೌನಗಳಲ್ಲಿ ಯಾವುದು ಗಟ್ಟಿ, ಬುದ್ಧಿ?" ಎಂದು ಗುರುಸಿದ್ಧ ಕೇಳಿದ.

ಸ್ವಾಮಿಗಳು ಆಗಷ್ಟೇ ಪೂಜೆ ಮುಗಿಸಿ ಜಗಲಿಗೆ ಬಂದು ಕೂತಿದ್ದರು. ಗುರುಸಿದ್ಧ ಮಠದ ದಾಸೋಹದಲ್ಲಿ ಅಡುಗೆ ಮಾಡುವ ಶಿಷ್ಯ. ಹನ್ನೊಂದು ವರ್ಷ ತನ್ನ ಜೊತೆಗೆ ಒಂದೇ ಒಲೆಯ ಮುಂದೆ ದುಡಿದ ಚನ್ನವೀರನ ಮೇಲೆ ಮೂರು ದಿನದ ಹಿಂದೆ ರೇಗಿದ್ದ. ಪಂಕ್ತಿಯಲ್ಲಿ ಜನ ಊಟಕ್ಕೆ ಕೂತಿರುವಾಗಲೇ, ನೀನು ಮಾಡಿದ್ದನ್ನು ನಾಯಿಯೂ ಮೂಸುವುದಿಲ್ಲ ಎಂದುಬಿಟ್ಟಿದ್ದ. ಚನ್ನವೀರ ತಿರುಗಿ ಒಂದು ಮಾತೂ ಆಡಲಿಲ್ಲ. ಬೇರೆ ಊರಿನ ಶಾಖಾಮಠಕ್ಕೆ ಹೋಗಲು ಸ್ವಾಮಿಗಳ ಅಪ್ಪಣೆ ಪಡೆದು, ಈಗ ತನ್ನ ಕೋಣೆಯಲ್ಲಿ ಬಟ್ಟೆ ಮಡಿಸಿಕೊಳ್ಳುತ್ತಿದ್ದ.

"ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆ ಹೋಗಿದೆ. ಒಂದು ವರ್ಷ ಮೌನ ಹಿಡಿಯುತ್ತೇನೆ. ಸನ್ನೆ ಮಾಡಬಹುದು ಅನ್ನುವವರಿದ್ದಾರೆ, ಸ್ಲೇಟಿನಲ್ಲಿ ಬರೆಯಬಹುದು ಅನ್ನುವವರಿದ್ದಾರೆ, ಅದೂ ಕೂಡದು ಅನ್ನುವವರೂ ಇದ್ದಾರೆ. ನನಗೆ ಯಾವುದನ್ನು ಕೊಡುತ್ತೀರಿ?"

"ಪರವಾಗಿಲ್ಲ, ಚೌಕಾಸಿ ಮಾಡದೆ ಒಳ್ಳೆ ಮಾಲನ್ನೇ ಕೇಳುತ್ತಿದ್ದೀಯ," ಎಂದರು ಸ್ವಾಮಿಗಳು. "ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ."

ಒಬ್ಬ ವ್ಯಾಪಾರಿ ಇದ್ದ. ಐವತ್ತು ತುಂಬಿದ ಮೇಲೆ ಅವನಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಕೊಂಡ. ಎರಡೇ ಸೀಟು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳು, ಬಣ್ಣ ಕೆಂಪು. ನಗಬೇಡ ಗುರುಸಿದ್ಧ. ನಮಗೆ ದುಡ್ಡಿಲ್ಲ ಅಂದ ಮಾತ್ರಕ್ಕೆ ಹುಚ್ಚಿಲ್ಲ ಅಂತೇನೂ ಅಲ್ಲ.

ಅವನ ಮನೆ ಇದ್ದದ್ದು ಜಲ್ಲಿ ಒಡೆಯುವ ಕ್ರಷರ್‌ಗಳ ರಸ್ತೆಯಲ್ಲಿ. ದಿನಾ ಸಂಜೆ ಒಂದು ಸುತ್ತು ಹೋಗಿ ಬರುತ್ತಿದ್ದ. ಇಳಿದ ಕೂಡಲೇ ಕಾರಿಗೆ ಹೊದಿಕೆ ಹೊದಿಸುತ್ತಿದ್ದ. ತೊಳೆಯಲು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ, ತಾನೂ ತೊಳೆಯುತ್ತಿರಲಿಲ್ಲ. ಒರೆಸುವ ಬಟ್ಟೆ ತಾಗಿ ಬಣ್ಣ ಹಾಳಾದೀತು ಎಂದು ಅವನಿಗೆ ಭಯ.

ಅವನ ಗೇಟಿನಲ್ಲಿ ಒಬ್ಬ ಕಾವಲುಗಾರನಿದ್ದ. ಹೆಂಡತಿ ಮಕ್ಕಳೊಂದಿಗೆ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ. ಆ ಗೇಟೇ ಅವನ ಅನ್ನ. ಅವನು ಒಂದು ದಿನ, ಮೇಲಿನಿಂದ ನಾಲ್ಕು ಕೊಡ ನೀರಾದರೂ ಸುರಿದು ತೊಳೆಯಲೇ ಎಂದು ಕೇಳಿದ. ಗಾಡಿಯ ಹತ್ತಿರ ಸುಳಿಯಬೇಡ ಎಂದು ವ್ಯಾಪಾರಿ ಗದರಿದ.

ತಿಂಗಳಾಗುವಷ್ಟರಲ್ಲಿ ಬಾನೆಟ್ಟಿನ ಮೇಲೆ ಕೂದಲೆಳೆಯಂಥ ಗೀರುಗಳು ಕಂಡವು. ಹೊದಿಕೆ ತೆಳುವಾಯಿತೆಂದು ದಪ್ಪನೆಯದು ತಂದ. ಗೀರು ಹೆಚ್ಚಾಯಿತು. ಗಾಳಿಗೆ ಸಡಿಲವಾಗುತ್ತದೆಂದು ಸುತ್ತ ಎಲಾಸ್ಟಿಕ್ ಇರುವುದನ್ನು, ಬೀಗ ಹಾಕುವಂಥದ್ದನ್ನು ತರಿಸಿದ. ಅದನ್ನು ಎರಡೂ ಕಡೆಯಿಂದ ಜಗ್ಗಿ ಜಗ್ಗಿ ಹಾಕಬೇಕು. ಗೀರು ಇನ್ನೂ ಹೆಚ್ಚಾಯಿತು. ಇಷ್ಟು ಭದ್ರವಾಗಿ ಮುಚ್ಚಿದರೂ ಗೀರು ಬೀಳುತ್ತದೆಂದರೆ ಯಾರೋ ಬೀಗ ತೆಗೆದು ಬೇಕೆಂದೇ ಗೀರುತ್ತಿದ್ದಾರೆ ಎಂದು ಅವನು ತೀರ್ಮಾನಿಸಿದ. ಯಾರಿರಬಹುದು? ಗಾಡಿ ಮುಟ್ಟಲು ಬಂದಿದ್ದವನು ಒಬ್ಬನೇ ತಾನೆ.

ಕಾವಲುಗಾರನನ್ನು ಬೀದಿಯವರ ಎದುರು ನಿಲ್ಲಿಸಿ, ಉಂಡ ಮನೆಯ ಗಾಡಿ ಗೀರಿದವನು ಇವನೇ ಎಂದ. ಕಾವಲುಗಾರ ಎರಡು ಸಲ ಇಲ್ಲ ಎಂದ. ಮೂರನೆಯ ಸಲ ಏನೂ ಹೇಳದೆ ಹೊರಟುಹೋದ. ಅವನ ಕೆಲಸ ಹೋಯಿತು, ಮರ್ಯಾದೆಯೂ ಹೋಯಿತು.

ಕಾವಲುಗಾರ ಹೋದರೂ ಗೀರು ನಿಲ್ಲಲಿಲ್ಲ. ಆಗಲೂ ನಮ್ಮ ವ್ಯಾಪಾರಿ ಯೋಚನೆ ಮಾಡಿದ್ದು ಹೊದಿಕೆಯ ಬಗ್ಗೆಯೇ. ಪೇಟೆಯಲ್ಲಿ ಕಾರಿನ ಹೊದಿಕೆ ಹೊಲಿಯುವ ಒಬ್ಬ ಮುದುಕನಿದ್ದ. ಅವನ ಹತ್ತಿರ ಕಾರನ್ನೂ ಹಳೆಯ ಹೊದಿಕೆಯನ್ನೂ ಒಯ್ದು, ಇದಕ್ಕಿಂತ ಗಟ್ಟಿಯಾದದ್ದು ಬೇಕೆಂದ. ಮುದುಕ ಹೊದಿಕೆಯನ್ನು ಮಗುಚಿ, ವ್ಯಾಪಾರಿಯ ಅಂಗೈ ಹಿಡಿದು ಅದರ ಒಳಬದಿಯ ಮೇಲೆ ಒಮ್ಮೆ ಎಳೆದ. ಅಂಗೈಗೆ ಕಲ್ಲಿನ ಪುಡಿ ಚುಚ್ಚಿತು.

"ಧೂಳಿನ ಮೇಲೆಯೇ ಹೊದಿಸಿದ್ದೀರಿ ಸಾಹುಕಾರ್ರೇ. ನೀವು ಬಿಗಿದಷ್ಟೂ ಇದು ಉಜ್ಜಿದೆ."

"ಹಾಗಾದರೆ ಯಾವ ಹೊದಿಕೆ ತಗೊಳ್ಳಲಿ?"

"ಯಾವುದಾದರೂ ಆದೀತು. ಮೊದಲು ನೀರು ಸುರಿದು ತೊಳೆಯಿರಿ."

ಈ ಮಾತನ್ನು ವ್ಯಾಪಾರಿ ಹಿಂದೆಯೇ ಒಬ್ಬನ ಬಾಯಿಂದ ಕೇಳಿದ್ದ. ಹೊದಿಕೆಯನ್ನು ಅಂಗಡಿಯಲ್ಲೇ ಬಿಟ್ಟು ನೆಟ್ಟಗೆ ಕಾವಲುಗಾರನ ಮನೆಗೆ ಹೋದ. ತಪ್ಪಾಯಿತು ಅನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯಾಕೆ ಹೊರಗೆ ಬಂದು, ನೀವು ಅಷ್ಟು ಜನರ ಎದುರು ಅಂದ ಮೇಲೆ ಈ ಊರಲ್ಲಿ ಅವನಿಗೆ ಯಾರು ಕೆಲಸ ಕೊಡುತ್ತಾರೆ, ನಿನ್ನೆಯೇ ಸಾಮಾನು ಕಟ್ಟಿಕೊಂಡು ಹೋದರು, ಎಲ್ಲಿಗೆಂದು ಯಾರಿಗೂ ಹೇಳಲಿಲ್ಲ ಎಂದಳು.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲಾದರೂ ಸಿಕ್ಕನೇ?" ಎಂದು ಗುರುಸಿದ್ಧ ಕೇಳಿದ.

"ಕಾರಿಗೆ ಹೊಸ ಬಣ್ಣ ಹೊಡೆಸಿದ. ಎಂಟು ದಿನದಲ್ಲಿ ಅದು ಹೊಸದರ ಹಾಗೆಯೇ ಆಯಿತು. ಕಾವಲುಗಾರನನ್ನು ಇನ್ನೂ ಹುಡುಕುತ್ತಿದ್ದಾನಂತೆ."

ಕತೆ ಗುರುಸಿದ್ಧನಿಗೆ ತಾಗಿತ್ತು, ಆದರೂ ಬಂದ ಕೆಲಸ ಬಿಡಲು ಮನಸ್ಸಿರಲಿಲ್ಲ. "ನನ್ನ ಮೌನವನ್ನು ಯಾವಾಗಿನಿಂದ ಶುರು ಮಾಡಲಿ, ಬುದ್ಧಿ?" ಎಂದ.

ಸ್ವಾಮಿಗಳು ಹೇಳಿದರು: "ಚನ್ನವೀರ ಇನ್ನೂ ಕೋಣೆಯಲ್ಲೇ ಇದ್ದಾನೆ, ಅವನ ಹತ್ತಿರ ಮಾತಾಡಿ ಬಂದ ಮೇಲೆ."