ಕರಡಿ ಕದ್ದ ಗೆಡ್ಡೆಯ ಗುಟ್ಟು

ಮುತ್ತುಗದ ಕಾಡಿನ ನಡುವೆ ಒಂದು ಕೊಳ. ಅದರ ಮೂಡಣ ದಡದ ಬಿಲದಲ್ಲಿ ಮುಳ್ಳುಹಂದಿ ಚೆಲುವಕ್ಕ ಎರಡು ಮರಿಗಳೊಂದಿಗೆ ಇದ್ದಳು. ಆ ಕಾಡಿನ ಗೆಡ್ಡೆ ತಿಂದರೆ ಬಾಯೆಲ್ಲ ತುರಿಕೆ. ತುರಿಕೆ ತೆಗೆಯುವ ವಿದ್ಯೆ ಚೆಲುವಕ್ಕನೊಬ್ಬಳಿಗೇ ಗೊತ್ತಿತ್ತು. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ ಮಕ್ಕಳೇ, ನನಗೂ ಅವಳು ಹೇಳಲಿಲ್ಲ.

ಹದ ಮಾಡಿದ ಗೆಡ್ಡೆಯನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ, ಬಳ್ಳಿಯನ್ನು ಮೂರು ಸುತ್ತು ಸುತ್ತಿ ಕೊಡುತ್ತಿದ್ದಳು. ಮೂರು ಸುತ್ತಿನ ಪೊಟ್ಟಣ ಎಂದರೆ ಎಲ್ಲರೂ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ಬದಲಿಗೆ ಅವರು ತಂದುಕೊಡುತ್ತಿದ್ದ ಕಾಯಿ, ಬೀಜಗಳೇ ಆ ಮರಿಗಳಿಗೆ ಮಳೆಗಾಲದ ಊಟ.

ಕೆಲಸ ಹೆಚ್ಚಿತು. ಗೆಡ್ಡೆ ಅಗೆಯಲು ಕರಡಿ ಬೊಮ್ಮಣ್ಣ ಬಂದ. ಗುಟ್ಟು ಕಲಿಯುವವರು ಅದನ್ನು ಸ್ವಂತಕ್ಕೆ ಬಳಸುವುದಿಲ್ಲ ಎಂದು ಹುತ್ತ ಮುಟ್ಟಿ ಮಾತು ಕೊಡುವುದು ಆ ಕಾಡಿನ ಪದ್ಧತಿ. ಬೊಮ್ಮಣ್ಣನೂ ಹುತ್ತ ಮುಟ್ಟಿದ. ಮುಟ್ಟುವಾಗಲೇ ನಾಲ್ಕು ಗೆದ್ದಲು ನೆಕ್ಕಿದ. ಆಗಲೇ ಅವಳು ಎಚ್ಚರವಾಗಬೇಕಿತ್ತು, ಆದರೆ ನಂಬಿ ಗುಟ್ಟು ಕಲಿಸಿದಳು.

ಎರಡು ತಿಂಗಳಿಗೆ ಅವನು ಹೇಳದೆ ಕೇಳದೆ ಹೋದ. ಪಡುವಣ ದಡದಲ್ಲಿ ಅಂಗಡಿ ಇಟ್ಟ. ಅದೇ ಗೆಡ್ಡೆ, ಅದೇ ಎಲೆ, ಅದೇ ಮೂರು ಸುತ್ತು. ಅಷ್ಟು ಸಾಲದೆಂದು, ಚೆಲುವಕ್ಕನ ಗೆಡ್ಡೆಯೊಳಗೆ ಅವಳ ಮೈಮುಳ್ಳು ಮುರಿದಿರುತ್ತದೆ, ಗಂಟಲಿಗೆ ಸಿಕ್ಕರೆ ಗತಿಯೇನು ಎಂದು ಸುದ್ದಿ ಹಬ್ಬಿಸಿದ. ಮೊದಲು ಮೊಲ ಹೆದರಿತು. ಮಿಕ್ಕವರು ಮೊಲದ ಹಿಂದೆ ಹೋದರು.

ಚೆಲುವಕ್ಕನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ದಡಕ್ಕೆ ಓಡುವಳು, ಆಚೆ ದಡದ ಗುಂಪು ನೋಡುವಳು, ಬಿಲಕ್ಕೆ ಮರಳಿ ಬೀಜ ಕೂಡಿಡುವ, ಈಗ ಬರಿದಾದ ಮೂಲೆ ನೋಡುವಳು. ಮಳೆಗೆ ಹತ್ತೇ ದಿನ ಉಳಿದಿತ್ತು. ಹೋಗಿ ಅವನ ಮೂತಿಗೇ ಚುಚ್ಚಿಬಿಡಲೇ ಎಂದು ಅರ್ಧ ದಾರಿ ಹೋದಳು. ಚುಚ್ಚಿದರೆ ತಪ್ಪು ತನ್ನದಾಗುತ್ತದೆ ಎಂದು ಹೊಳೆದು, ಅಲ್ಲಿಂದಲೇ ಕಾಡಿನ ನ್ಯಾಯ ಹೇಳುವ ಹಿರಿಯಾನೆ ದೊಡ್ಡಮ್ಮನ ಬಳಿಗೆ ಓಡಿದಳು.

ದೊಡ್ಡಮ್ಮ ಎಲ್ಲರನ್ನೂ ಕರೆಸಿದಳು. ಬೊಮ್ಮಣ್ಣ ಜಗ್ಗಲಿಲ್ಲ. ಗೆಡ್ಡೆ ಯಾರಪ್ಪನ ಸೊತ್ತೂ ಅಲ್ಲ, ಈ ವಿದ್ಯೆ ತನಗೆ ತನ್ನ ಅಜ್ಜ ಕಲಿಸಿದ್ದು, ಹುತ್ತ ಮುಟ್ಟಿದ್ದನ್ನು ಕಂಡವರು ಯಾರು ಎಂದು ಸವಾಲು ಹಾಕಿದ.

"ಹಾಗಾದರೆ ನನ್ನೆದುರು ಮಾಡಿ ತೋರಿಸು" ಎಂದಳು ದೊಡ್ಡಮ್ಮ.

ಗುಟ್ಟು ಬಯಲಾಗಬಾರದಲ್ಲ? ಮಿಕ್ಕವರೆಲ್ಲ ಕೊಳದ ಕಡೆ ಮುಖ ತಿರುಗಿಸಿ ಕೂರಬೇಕೆಂದು ಅಪ್ಪಣೆಯಾಯಿತು. ದೊಡ್ಡಮ್ಮ ಎರಡು ಕಿವಿಗಳನ್ನೂ ಪರದೆಯಂತೆ ಅಗಲಿಸಿದಳು. ಚೆಲುವಕ್ಕ ಪಕ್ಕದಲ್ಲೇ ಚಡಪಡಿಸುತ್ತಾ ನಿಂತಳು.

ಬೊಮ್ಮಣ್ಣ ಸರಸರನೆ ಕೆಲಸ ಮುಗಿಸಿದ. ಕೊನೆಗೆ ಗೆಡ್ಡೆಗೆ ಬೆನ್ನು ಮಾಡಿ ನಿಂತು, ಗೊಂಡೆಯಂಥ ತನ್ನ ಮೋಟು ಬಾಲವನ್ನು ಮೂರು ಸಲ ಅಲ್ಲಾಡಿಸಿದ.

"ಇದೇನಪ್ಪ?" ಎಂದಳು ದೊಡ್ಡಮ್ಮ.

"ಹೀಗೆ ಮಾಡದಿದ್ದರೆ ತುರಿಕೆ ಹೋಗೋದಿಲ್ಲ ದೊಡ್ಡಮ್ಮ. ನಮ್ಮಜ್ಜ ಹೇಳಿಕೊಟ್ಟದ್ದು."

ದೊಡ್ಡಮ್ಮ ಚೆಲುವಕ್ಕನ ಕಡೆ ನೋಡಿದಳು.

"ಅದು ನೊಣ ಓಡಿಸೋಕೆ ದೊಡ್ಡಮ್ಮ" ಎಂದಳು ಚೆಲುವಕ್ಕ. "ನನ್ನ ಬಾಲದ ಮುಳ್ಳು ಗಲಗಲ ಅಂದರೆ ನೊಣ ಕೂರೋದಿಲ್ಲ."

"ಮುಳ್ಳೇ ಇಲ್ಲದ ನಿಮ್ಮಜ್ಜ ಏನನ್ನು ಗಲಗಲ ಅನ್ನಿಸುತ್ತಿದ್ದ ಬೊಮ್ಮಣ್ಣ?" ಎಂದು ಕೇಳಿದಳು ದೊಡ್ಡಮ್ಮ.

ಬೊಮ್ಮಣ್ಣ ಆ ಮೋಟು ಬಾಲವನ್ನು ಮುಚ್ಚಿಕೊಂಡು ಕೂತುಬಿಟ್ಟ.

"ಅಂಗಡಿ ಇಡಬೇಡ ಅನ್ನೋದಿಲ್ಲ" ಎಂದಳು ದೊಡ್ಡಮ್ಮ. "ನಿನ್ನ ಬುದ್ಧಿಯಿಂದ ಏನಾದರೂ ಮಾಡಿ ಮಾರು. ಅವಳ ವಿದ್ಯೆ, ಅವಳ ಪೊಟ್ಟಣ ಈಗಿಂದೀಗಲೇ ನಿಲ್ಲಬೇಕು."

ಕಟ್ಟಿಟ್ಟ ಪೊಟ್ಟಣಗಳನ್ನು ಬಿಚ್ಚಿಸಿದರು. ಅವುಗಳಿಂದ ಗಳಿಸಿದ ಕಾಯಿ, ಬೀಜವೆಲ್ಲ ಚೆಲುವಕ್ಕನ ಬಿಲ ಸೇರಿತು. ತಾನು ಹಬ್ಬಿಸಿದ್ದು ಸುಳ್ಳೆಂದು ಬೊಮ್ಮಣ್ಣ ಬಿಲಬಿಲಕ್ಕೂ ಹೋಗಿ ಹೇಳಬೇಕೆಂದೂ ತೀರ್ಪಾಯಿತು.

ಅವನು ಮೊದಲು ಮೊಲದ ಮನೆಗೆ ಹೋದ. ಮೊಲ ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿತು: "ಅವತ್ತು ಸುಳ್ಳು ಹೇಳಿದವನು ಇವತ್ತು ನಿಜ ಹೇಳ್ತಿದ್ದೀಯ ಅಂತ ಹೇಗೆ ನಂಬಲಿ?"

ಮರಿಗಳೊಂದಿಗೆ ಹಿಂದೆಯೇ ಬಂದಿದ್ದ ಚೆಲುವಕ್ಕ ಇದನ್ನು ಕೇಳಿಸಿಕೊಂಡಳು. ಬೀಜ ಮರಳಿತ್ತು, ಹೆಸರು ಮರಳಿರಲಿಲ್ಲ. ಅವಳು ಒಂದು ಪೊಟ್ಟಣ ಬಿಚ್ಚಿ, ಮೊಲದ ಕಣ್ಣೆದುರೇ ಮೊದಲ ತುತ್ತು ತನ್ನ ಮರಿಗಳಿಗೆ ತಿನ್ನಿಸಿದಳು.

ಮೊಲ ಬಹಳ ಹೊತ್ತು ಆ ಮರಿಗಳ ಗಂಟಲನ್ನೇ ನೋಡುತ್ತಿತ್ತು. ಆಮೇಲೆ ಮೆಲ್ಲಗೆ ಕೈ ಚಾಚಿತು.

ನೀತಿ: ಪೈಪೋಟಿ ತಪ್ಪಲ್ಲ, ನಂಬಿಸಿ ಕದಿಯುವುದು ತಪ್ಪು. ಕದ್ದ ಗಳಿಕೆಯನ್ನು ನ್ಯಾಯ ಒಂದೇ ದಿನದಲ್ಲಿ ಕೊಡಿಸಬಹುದು, ಕೆಡಿಸಿದ ಹೆಸರನ್ನು ತುತ್ತುತುತ್ತಾಗಿಯೇ ಗಳಿಸಬೇಕು.