ಮಂತ್ರಿ ಜೋಪಾನ

ನೀರಲಗಟ್ಟೆ ಮಠದ ಶ್ರೀ ಶಾಂತನಿರಂಜನ ಸ್ವಾಮಿಗಳನ್ನು ಪೀಠದಲ್ಲಿ ಕಂಡವರಿಗಿಂತ ಹಿತ್ತಿಲ ಜಗಲಿಯಲ್ಲಿ ಕಂಡವರೇ ಹೆಚ್ಚು. ಸೋಮವಾರದ ದಾಸೋಹಕ್ಕೆ ಬೇಕಾದ ಮುತ್ತುಗದ ಎಲೆಗಳನ್ನು ಭಾನುವಾರ ಬೆಳಿಗ್ಗೆ ತಾವೇ ಕೂತು ಕಡ್ಡಿ ಚುಚ್ಚಿ ಹಚ್ಚುತ್ತಿದ್ದರು. ಈ ಪ್ರಸಂಗ ನಡೆದ ದಿನ ಪಕ್ಕದಲ್ಲಿ ನಾನೂ ಹಚ್ಚುತ್ತಿದ್ದೆ. ನನ್ನ ಎಲೆಗಳಲ್ಲಿ ಸಾರು ನಿಲ್ಲುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆಗ ಬಂದವರು ಪೇಟೆಯ ಗಡಿಯಾರ ರಿಪೇರಿ ಶಂಭುಲಿಂಗಪ್ಪನವರು. ಕಾವಿ ಕಂಡರೆ ಮೂಗು ಮುರಿಯುವ ಆಸಾಮಿ. ನಾವೆಲ್ಲ 'ಬುದ್ಧಿ' ಎಂದು ಕೈಮುಗಿಯುವಲ್ಲಿ ಅವರದು ಬರಿಯ 'ಸ್ವಾಮಿ'. ಕಂಕುಳಲ್ಲಿ ಚದುರಂಗದ ಮಣೆ ಇತ್ತು. ಪ್ರತಿ ಭಾನುವಾರ ಅಂಗಡಿಯ ಕಟ್ಟೆಯ ಮೇಲೆ ಹಾರ್ಮೋನಿಯಂ ಮೇಷ್ಟ್ರು ದೊರೆಸ್ವಾಮಯ್ಯನವರ ಜೊತೆ ಅವರ ಆಟ. ಹದಿನೆಂಟು ವರ್ಷ ಒಂದು ವಾರವೂ ತಪ್ಪಿರಲಿಲ್ಲ. ಈಗ ಮೂರು ವಾರದಿಂದ ಮೇಷ್ಟ್ರು ಆ ಕಡೆ ತಲೆ ಹಾಕಿರಲಿಲ್ಲ.

"ನ್ಯಾಯವಾಗಿ ಗೆದ್ದಿದ್ದೀನಿ ಸ್ವಾಮಿ. ಅದಕ್ಕೇ ಮುನಿಸಿಕೊಂಡು ಕೂತಿದ್ದಾರೆ. ಅವರು ನಿಮ್ಮ ಮಠಕ್ಕೆ ನಡೆದುಕೊಳ್ಳೋರು, ನೀವೊಂದು ಮಾತು ಹೇಳಿ," ಎಂದರು.

ಸ್ವಾಮಿಗಳು ಎಲೆ ಕೆಳಗಿಟ್ಟು, "ಆಟ ತೋರಿಸಿ," ಎಂದರು.

ಶಂಭುಲಿಂಗಪ್ಪನವರು ಕಾಯಿ ಜೋಡಿಸಿದರು. ಎರಡೂವರೆ ಗಂಟೆ ನಡೆದ ಆಟ, ಒಂದೊಂದು ನಡೆಯೂ ಬಾಯಿಪಾಠ. ಆನೆ ಕಳೆದುಕೊಂಡಿದ್ದು, ರಾಜ ಮೂಲೆ ಸೇರಿದ್ದು, ಒಂದೇ ಒಂದು ಪದಾತಿಯನ್ನು ನಂಬಿ ಉಸಿರು ಬಿಗಿಹಿಡಿದಿದ್ದು. "ಇಲ್ಲಿ ನಾನು ದುಡುಕಿದೆ," ಎಂದು ತಮ್ಮ ತಪ್ಪನ್ನೂ ತಾವೇ ತೋರಿಸಿದರು. ಕೊನೆಗೆ ಕುದುರೆಯನ್ನು ತಂದು ಎದುರಾಳಿಯ ಮಂತ್ರಿಗೆ ಗುರಿಯಿಟ್ಟು ಕೂರಿಸಿ, "ಇದನ್ನ ಅವರು ನೋಡಲೇ ಇಲ್ಲ. ಮುಂದಿನ ನಡೆಗೆ ಮಂತ್ರಿ ಹೊಡೆದೆ," ಎಂದರು.

ನಮ್ಮ ಪೇಟೆಯ ಕಟ್ಟೆಯಾಟದಲ್ಲಿ ಒಂದು ರೂಢಿಯುಂಟು. ರಾಜನಿಗೆ ಚೆಕ್ ಹೇಳುವ ಹಾಗೆಯೇ, ಮಂತ್ರಿಗೆ ಏಟು ಬೀಳುವಂತಿದ್ದರೆ 'ಮಂತ್ರಿ ಜೋಪಾನ' ಎಂದು ಬಾಯಿಬಿಟ್ಟು ಹೇಳಬೇಕು.

"ಇಲ್ಲಿ ಏನು ಹೇಳಿದಿರಿ?" ಎಂದು ಸ್ವಾಮಿಗಳು ಕೇಳಿದರು.

"ಏನೂ ಹೇಳಲಿಲ್ಲ. ಹೇಳಬೇಕು ಅಂತ ಯಾವ ಪುಸ್ತಕದಲ್ಲೂ ಇಲ್ಲ."

"ಮೇಷ್ಟರ ಕಣ್ಣಿಗೆ ಪೊರೆ ಬಂದಿರುವುದು ಗೊತ್ತಿತ್ತೇ?"

ಶಂಭುಲಿಂಗಪ್ಪನವರು ತಲೆ ತಗ್ಗಿಸಿದರು.

"ಅವರೀಗ ನೋಡಿ ಆಡುತ್ತಿಲ್ಲ. ನಿಮ್ಮ ಮಾತು ನಂಬಿ ಆಡುತ್ತಿದ್ದಾರೆ," ಎಂದು ಸ್ವಾಮಿಗಳು ಮತ್ತೆ ಎಲೆ ಕೈಗೆತ್ತಿಕೊಂಡರು. ಅವರು ಹೇಳಿದ್ದು ಅಷ್ಟೇ.

ಶಂಭುಲಿಂಗಪ್ಪನವರು ಆ ಕುದುರೆಯ ಮೇಲೆ ಬೆರಳಿಟ್ಟು ಒಪ್ಪಿಕೊಂಡರು. "ಈ ವರ್ಷ ಒಂದು ಸಲವೂ ಗೆದ್ದಿರಲಿಲ್ಲ. ಹೇಳೋಕೆ ಬಾಯಿ ತೆರೆದೆ, ಆಮೇಲೆ ಮುಚ್ಚಿಕೊಂಡೆ. ತಪ್ಪಾಯ್ತು ಬುದ್ಧಿ."

ಅವರು ಕಾಯಿಗಳನ್ನು ಚೀಲಕ್ಕೆ ತುಂಬಲಿಲ್ಲ. ಒಂದೂ ಅಲುಗದಂತೆ ಮಣೆಯನ್ನು ಎರಡು ಕೈಯಲ್ಲಿ ಹಿಡಿದು ಮೇಷ್ಟರ ಮನೆಗೆ ನಡೆದರು. ಬೀದಿಯಲ್ಲಿ ದಾರಿ ಬಿಡಿಸುತ್ತ ನಾನು ಮುಂದೆ ಹೋದೆ. ಮಂಚದ ಮೇಲೆ ಕೂತಿದ್ದ ಮೇಷ್ಟ್ರು ಹೆಜ್ಜೆ ಸಪ್ಪಳಕ್ಕೇ ಗುರುತು ಹಿಡಿದು ಮುಖ ತಿರುಗಿಸಿದರು. ಶಂಭುಲಿಂಗಪ್ಪನವರು ಮಣೆ ಇಟ್ಟು, ಕುದುರೆಯನ್ನು ಹಿಂದಿನ ಮನೆಗೆ ತೆಗೆದು, ಮತ್ತೆ ಮುಂದಕ್ಕಿಟ್ಟು, "ಮೇಷ್ಟ್ರೇ, ಮಂತ್ರಿ ಜೋಪಾನ," ಎಂದರು.

ಮೇಷ್ಟ್ರು ಮುಖವನ್ನು ಮಣೆಯತ್ತ ತಿರುಗಿಸಿದರು. ಆಮೇಲೆ ಬೆರಳಾಡಿಸಿ ಮಂತ್ರಿಯನ್ನು ಹುಡುಕಿ, ಪಕ್ಕದ ಮನೆಗೆ ಸರಿಸಿದರು.

"ಈಗ ನಿಮ್ಮ ನಡೆ," ಎಂದರು.

ಆ ಆಟವನ್ನು ಶಂಭುಲಿಂಗಪ್ಪನವರು ಸೋತರು. ಮುಂದಿನ ಭಾನುವಾರ ಮಠದ ಜಗಲಿಗೆ ಬಂದು ನನ್ನ ಪಕ್ಕದಲ್ಲೇ ಎಲೆ ಹಚ್ಚಲು ಕೂತು, ಸೋತ ಆಟವನ್ನು ಮೊದಲಿಂದ ಕೊನೆಯವರೆಗೆ ಸ್ವಾಮಿಗಳಿಗೆ ಒಪ್ಪಿಸಿದರು. ಅವರ ಎಲೆಯಲ್ಲಿ ಸಾರು ನಿಂತಿತು.