ಗುದ್ದಲಿಯ ಕಾವಿನ ಮೇಲಿನ ಬರಹ

“ಹೆಡರ್ ಫೈಲಿನಲ್ಲಿ ನನಗೆ ಬೇಕಾಗಿರುವುದು ನಾಲ್ಕೇ ಸಾಲು. ಅವನ್ನು ಅಕ್ಷರ ತಪ್ಪದೆ ನನ್ನ ಪ್ರೋಗ್ರಾಮಿನೊಳಗೇ ಬರೆದುಕೊಂಡಿದ್ದೇನೆ. ಆ ಫೈಲನ್ನೇ ಸೇರಿಸಬೇಕೆಂದು ಏಕೆ ಹಟ ಹಿಡಿಯುತ್ತೀರಿ, ಗುರುಗಳೇ?” ಎಂದು ಶಿಷ್ಯೆ ಕೇಳಿದಳು.

ರೋಗಿಯ ಮೈಗೆ ಔಷಧವನ್ನು ಹನಿಹನಿಯಾಗಿ ಹರಿಸುವ ಯಂತ್ರಕ್ಕೆ ಅವಳು ಪ್ರೋಗ್ರಾಮ್ ಬರೆಯುತ್ತಿದ್ದಳು. ಯಂತ್ರದ ಎಲ್ಲ ಭಾಗಗಳೂ ಪಾಲಿಸಬೇಕಾದ ಅಳತೆ, ಆಜ್ಞೆಗಳು ಆ ಒಂದು ಫೈಲಿನಲ್ಲಿದ್ದವು. ಮಾರನೆಯ ದಿನ ಯಂತ್ರ ವಾರ್ಡಿಗೆ ಹೋಗಬೇಕಿತ್ತು.

ಗುರುಗಳು ಹೇಳತೊಡಗಿದರು.

ಒಬ್ಬ ಬಾವಿ ತೋಡುವವನಿದ್ದ. ಅವನು ಕೆಳಗೆ ಅಗೆಯುವನು. ಅವನ ಭಾವಮೈದ ಮೇಲೆ ರಾಟೆಯ ಹಗ್ಗ ಹಿಡಿಯುವನು. ಕೂಗಿದರೆ ಕೇಳದಷ್ಟು ಆಳ. ಹಗ್ಗ ಜಗ್ಗುವುದೇ ಅವರ ಮಾತು. ಒಂದು ಸಲ ಜಗ್ಗಿದರೆ ಬುಟ್ಟಿ ಎತ್ತಬೇಕು, ಎರಡು ಸಲ ಜಗ್ಗಿದರೆ ಆಳನ್ನು ಎತ್ತಬೇಕು. ಮೇಸ್ತ್ರಿ ಇದನ್ನು ಹಲಗೆಯ ಮೇಲೆ ಬರೆದು ರಾಟೆಯ ಪಕ್ಕ ತೂಗುಹಾಕಿದ್ದ. ದಿನವೂ ಓದಿಯೇ ಕೆಲಸ ಹಿಡಿಯಬೇಕೆಂದು ಅವನ ಕಟ್ಟಪ್ಪಣೆ.

“ಭಾವ, ಹಲಗೆ ನೋಡಿಕೊಂಡು ಇಳೀರಿ,” ಎಂದು ಭಾವಮೈದ ದಿನವೂ ಹೇಳುವನು.

“ಅದರ ಪೂಜೆ ನೀನೇ ಮಾಡು ಮಾರಾಯ. ನಾನು ಗುದ್ದಲಿಯ ಕಾವಿನ ಮೇಲೇ ಕೆತ್ತಿಕೊಂಡಿದ್ದೇನೆ.”

ಬುಟ್ಟಿ ಬಂಡೆಯ ಸಂದಿಗೆ ಸಿಕ್ಕಿಕೊಂಡಾಗ ಹಗ್ಗ ಸಡಿಲಿಸು ಎನ್ನಲು ಸಂಜ್ಞೆಯೇ ಇರಲಿಲ್ಲ. ಅದಕ್ಕಾಗಿ ಮೇಸ್ತ್ರಿ ಒಂದು ಸಂಜೆ ಹಲಗೆ ಒರೆಸಿ ಹೊಸದಾಗಿ ಬರೆದ: ಎರಡು ಸಲ ಜಗ್ಗಿದರೆ ಹಗ್ಗ ಸಡಿಲಿಸು, ಮೂರು ಸಲ ಜಗ್ಗಿದರೆ ಆಳನ್ನು ಎತ್ತು.

ಬೆಳಗ್ಗೆ ಭಾವಮೈದ ಹಲಗೆ ಓದಿ ಹಗ್ಗ ಹಿಡಿದ. ತೋಡುವವನು ಅಷ್ಟರಲ್ಲಾಗಲೇ ಗೂಟಕ್ಕೆ ಕಟ್ಟಿದ್ದ ಅದೇ ಹಗ್ಗ ಹಿಡಿದು ತಾನೇ ತಳಕ್ಕೆ ಇಳಿದಿದ್ದ. ಅಂದು ಬಂಡೆ ಸಿಡಿಸುವ ದಿನ. ಅವನು ಮದ್ದು ತುಂಬಿದ, ನಡುವಿಗೆ ಹಗ್ಗ ಬಿಗಿದುಕೊಂಡ, ಬತ್ತಿ ಹಚ್ಚಿದ, ಎರಡು ಸಲ ಜಗ್ಗಿದ.

ಹಗ್ಗ ಕೆಳಗೆ ಬಂತು.

ಬತ್ತಿ ಅರ್ಧ ಉರಿದಿತ್ತು. ಅವನು ಮತ್ತೆ ಎರಡು ಸಲ, ಬಲವಾಗಿ ಜಗ್ಗಿದ. ಮೇಲಿದ್ದವನು ಗಾಬರಿಯಿಂದ ಇನ್ನಷ್ಟು ಹಗ್ಗ ಬಿಟ್ಟ. ಅದು ಸುರುಳಿ ಸುರುಳಿಯಾಗಿ ಕೆಳಗಿದ್ದವನ ಹೆಗಲ ಮೇಲೆ ಬಿತ್ತು. ಇನ್ನೊಮ್ಮೆ ಜಗ್ಗಲು ಹಗ್ಗದಲ್ಲಿ ಬಿಗಿಯೇ ಉಳಿದಿರಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯೆಗೆ ಆಗಲೂ ಸೋಲೊಪ್ಪಲು ಮನಸ್ಸಾಗಲಿಲ್ಲ.

“ಓದದೆ ಇಳಿದ, ಪ್ರಾಣ ತೆತ್ತ. ಅವನ ತಪ್ಪಿನ ಫಲ ಅವನಿಗೇ ಸಿಕ್ಕಿತಲ್ಲ, ಗುರುಗಳೇ?”

“ಹೌದು, ಬಾವಿಗೆ ಅವನು ತಾನೇ ಇಳಿದ, ನೀನು ಇಳಿಸುತ್ತಿರುವುದು ರೋಗಿಯನ್ನು.”